ಪಾಪನಿವೇದನೆಗೂ ಪೊಲೀಸ್ ಠಾಣೆಗೂ ನಡುವೆ



2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಸುರೇಶ್ ಕುಮಾರ್ ಕೌಶಲ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ವಯಸ್ಕರಿಬ್ಬರು ಪರಸ್ಪರ ಒಪ್ಪಿ, ಖಾಸಗಿಯಾಗಿ ಇಟ್ಟುಕೊಂಡ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ದೆಹಲಿ ಹೈಕೋರ್ಟು 2009ರ ಜುಲೈ 2ರಂದು ಹೇಳಿತ್ತು. ಆ ಮಾತನ್ನು ಈ ತೀರ್ಪು ಅಳಿಸಿಹಾಕಿತು. ಭಾರತೀಯ ದಂಡಸಂಹಿತೆಯ 377ನೇ ಕಲಂ ಮತ್ತೆ ಮೊದಲಿನಂತೆ ಜೀವ ಪಡೆಯಿತು. ದೆಹಲಿ ತೀರ್ಪನ್ನು ಪ್ರಶ್ನಿಸಿ ಹೋದವರು ಯಾರು ಯಾರು ಎಂದು ನೋಡಿದರೆ ಕ್ರೈಸ್ತ ಸಂಘಟನೆಗಳ ಹೆಸರೂ ಸಿಗುತ್ತದೆ. ಅವುಗಳಲ್ಲಿ ಎರಡು: ಅಪೊಸ್ಟಾಲಿಕ್ ಚರ್ಚಸ್ ಅಲಯನ್ಸ್ ಮತ್ತು ಉತ್ಕಲ ಕ್ರಿಶ್ಚಿಯನ್ ಕೌನ್ಸಿಲ್. ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ ಅದೇ ಪಕ್ಷದಲ್ಲಿತ್ತು. ಕ್ರಾಂತಿಕಾರಿ ಮನುವಾದಿ ಮೋರ್ಚಾ ಎಂಬುದೂ ಅದೇ ಪಕ್ಷದಲ್ಲಿತ್ತು.

ನಾನು ಕಥೋಲಿಕ ಮನೆಯಲ್ಲಿ ಹುಟ್ಟಿ, ಭಾನುವಾರದ ಪೂಜೆ ತಪ್ಪಿಸದೆ ಬೆಳೆದವನು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಈ ಭಾಗದ ಕ್ರೈಸ್ತರಲ್ಲಿ ಬಹುಮಂದಿ ದಲಿತ ಮೂಲದವರು ಎಂಬುದು ನಿಮಗೆ ಗೊತ್ತಿದೆ. ಮನುವಿನ ಹೆಸರು ಹೊತ್ತ ಪಕ್ಷದ ಪಕ್ಕದಲ್ಲಿ ಕ್ರಿಸ್ತನ ಹೆಸರು ಹೊತ್ತ ಸಂಘಟನೆಗಳು, ಒಂದೇ ಶಿಕ್ಷೆಯನ್ನು ಉಳಿಸಿಕೊಡಿ ಎಂದು ಕೈಜೋಡಿಸಿ ನಿಂತವು. ಅವುಗಳಲ್ಲಿ ಒಂದು ಒಡಿಶಾದ್ದು. ಅದೇ ಒಡಿಶಾದ ಕಂಧಮಾಲ್‌ನಲ್ಲಿ 2008ರ ಆಗಸ್ಟ್‌ನಲ್ಲಿ ಕ್ರೈಸ್ತರ ಮನೆಗಳು, ಪ್ರಾರ್ಥನಾ ಮಂದಿರಗಳು ಸುಟ್ಟು, ಸಾವಿರಾರು ಜನ ಕಾಡು ಸೇರಿದ್ದರು. ಬಹುಸಂಖ್ಯಾತರ ಸಿಟ್ಟಿನಿಂದ ನಮ್ಮನ್ನು ಕಾಪಾಡಿ ಎಂದು ಸಂವಿಧಾನದ ಮೊರೆ ಹೊಕ್ಕ ಸಮುದಾಯದ ಹೆಸರಿನಲ್ಲೇ, ಇನ್ನೊಂದು ಸಣ್ಣ ಸಮುದಾಯಕ್ಕೆ ಆ ರಕ್ಷಣೆ ಬೇಡ ಎಂಬ ಅರ್ಜಿಯೂ ಹೋಯಿತು. ಇದು ನನ್ನನ್ನು ಬಹಳ ನೋಯಿಸಿದ ಸಂಗತಿ. ಈ ಉಪನ್ಯಾಸ ಆ ನೋವಿನಿಂದ ಹುಟ್ಟಿದ್ದು.

ನನ್ನ ಮಾತು ಇಷ್ಟು. ಸಲಿಂಗ ಸಂಬಂಧ ಪಾಪವೆಂದು ಕ್ರೈಸ್ತ ಸಭೆ ಬೋಧಿಸಬಹುದು, ಆ ಸ್ವಾತಂತ್ರ್ಯ ಅದಕ್ಕಿದೆ. ಆದರೆ ಆ ಬೋಧನೆಯನ್ನು ಜಾರಿಗೆ ತರಲು ಪೊಲೀಸರನ್ನೋ ತಹಸೀಲ್ದಾರರನ್ನೋ ವೈದ್ಯರನ್ನೋ ಕರೆಯುವ ಅಧಿಕಾರ ಅದಕ್ಕಿಲ್ಲ. ಸಭೆಯ ಹೊರಗೆ ನಿಂತು ಕಲ್ಲೆಸೆಯುವವನಾಗಿ ಹೀಗೆ ಹೇಳುತ್ತಿಲ್ಲ. ಸಭೆಯ ಸ್ವಂತ ಪರಂಪರೆಯೊಳಗೇ ಈ ಮಾತಿಗೆ ಗಟ್ಟಿಯಾದ ಆಧಾರ ಇದೆ. ಅದನ್ನು ನಮ್ಮ ಊರುಗಳಲ್ಲಿ ಯಾರೂ ಹೇಳಿಕೊಟ್ಟಿಲ್ಲ.

ಮೊದಲು ಗ್ರಂಥದ ಮಾತು. ಸಲಿಂಗ ಸಂಬಂಧದ ವಿಚಾರ ಬಂದಾಗ ಸಭಾಪಾಲಕರು, ಫಾದರ್‌ಗಳು ಎತ್ತಿಕೊಳ್ಳುವ ಭಾಗಗಳು ಬೈಬಲ್‌ನಲ್ಲಿ ಬೆರಳೆಣಿಕೆಯಷ್ಟು. ಆದಿಕಾಂಡದ 19ನೇ ಅಧ್ಯಾಯದ ಸೊದೋಮಿನ ಕಥೆ, ಯಾಜಕಕಾಂಡದ 18 ಮತ್ತು 20ನೇ ಅಧ್ಯಾಯಗಳ ನಿಷೇಧ, ಪೌಲನು ರೋಮಿನವರಿಗೆ ಬರೆದ ಪತ್ರದ ಮೊದಲ ಅಧ್ಯಾಯ, ಕೊರಿಂಥದವರಿಗೆ ಮತ್ತು ತಿಮೊಥೆಯನಿಗೆ ಬರೆದ ಮೊದಲ ಪತ್ರಗಳಲ್ಲಿ ಒಂದೊಂದು ವಾಕ್ಯ. ಇವುಗಳಲ್ಲಿ ಯಾವುದೂ ಸಲಿಂಗ ಸಂಬಂಧವನ್ನು ಮೆಚ್ಚಿ ಮಾತಾಡುವುದಿಲ್ಲ. ಯಾಜಕಕಾಂಡದ 20ನೇ ಅಧ್ಯಾಯ ಮರಣದಂಡನೆಯನ್ನೇ ವಿಧಿಸುತ್ತದೆ. ಇದನ್ನು ಮುಚ್ಚಿಟ್ಟು ಮಾತಾಡುವುದು ಪ್ರಾಮಾಣಿಕತೆಯಲ್ಲ. ಆದರೆ ಅದೇ ಅಧ್ಯಾಯ ವ್ಯಭಿಚಾರಿಗೂ, ತಂದೆತಾಯಿಯನ್ನು ಶಪಿಸುವ ಮಗನಿಗೂ ಮರಣದಂಡನೆಯನ್ನೇ ಹೇಳುತ್ತದೆ. ಅದನ್ನು ಶಾಸನ ಮಾಡಿ ಎಂದು ಹುಣಸೂರಿನಲ್ಲಾಗಲಿ ರೋಮಿನಲ್ಲಾಗಲಿ ಇವತ್ತು ಯಾವ ಕ್ರೈಸ್ತನೂ ಕೇಳುವುದಿಲ್ಲ. ವ್ಯಭಿಚಾರಕ್ಕೆ ಸಿಕ್ಕಿಬಿದ್ದ ಹೆಂಗಸನ್ನು ಕಲ್ಲೆಸೆದು ಕೊಲ್ಲಲು ಎಳೆತಂದಾಗ ಯೇಸು ಏನು ಮಾಡಿದರೆಂಬುದು ಪ್ರತಿಯೊಬ್ಬ ಕ್ರೈಸ್ತ ಮಗುವಿಗೂ ಗೊತ್ತು. ಅವರು ಆ ಕೃತ್ಯವನ್ನು ಸರಿ ಎನ್ನಲಿಲ್ಲ. ಶಿಕ್ಷೆ ಕೊಡಲು ಬಂದವರನ್ನು ಮಾತ್ರ ವಾಪಸ್ಸು ಕಳಿಸಿದರು.

ಸೊದೋಮಿನ ಕಥೆಯ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಐರೋಪ್ಯ ದೇಶಗಳ ಕಾನೂನುಗಳು ಶತಮಾನಗಳ ಕಾಲ ಆ ಊರಿನ ಹೆಸರಿನಿಂದಲೇ ಈ ಅಪರಾಧವನ್ನು ಕರೆದವು. ಆದರೆ ಆ ಊರಿನ ಪಾಪ ಯಾವುದೆಂದು ಬೈಬಲ್ಲೇ ಇನ್ನೊಂದು ಕಡೆ ಹೇಳುತ್ತದೆ. ಪ್ರವಾದಿ ಯೆಹೆಜ್ಕೇಲ 16ನೇ ಅಧ್ಯಾಯದಲ್ಲಿ ಗರ್ವ, ಹೊಟ್ಟೆತುಂಬಿದ ಸೊಕ್ಕು, ದೀನ ದರಿದ್ರರಿಗೆ ಕೈ ಕೊಡದಿರುವುದು ಎಂದು ಆ ಪಾಪವನ್ನು ವಿವರಿಸುತ್ತಾನೆ. ಯೇಸು ಸೊದೋಮಿನ ಹೆಸರೆತ್ತುವುದು, ಬಂದ ಅತಿಥಿಯನ್ನು ಬಾಗಿಲಿನಿಂದ ಅಟ್ಟುವ ಊರುಗಳ ಬಗ್ಗೆ ಮಾತಾಡುವಾಗ. ಕಥೆಯಲ್ಲಿ ಆ ಊರಿನ ಗಂಡಸರು ಮಾಡಹೊರಟದ್ದು ಪರಸ್ಥಳದಿಂದ ಬಂದವರ ಮೇಲೆ ಗುಂಪು ಅತ್ಯಾಚಾರ. ಇದು ಅಕ್ಷಮ್ಯ. ಆದರೆ ಒಬ್ಬರನ್ನೊಬ್ಬರು ಒಪ್ಪಿ, ಒಂದು ಕೋಣೆಯ ಮನೆಯಲ್ಲಿ ಅಡುಗೆ ಮಾಡಿಕೊಂಡು ಬದುಕುವ ಇಬ್ಬರು ಗಂಡಸರನ್ನೋ ಇಬ್ಬರು ಹೆಂಗಸರನ್ನೋ ಅಳೆಯಲು ಈ ಕಥೆ ಅಳತೆಗೋಲಾಗಲಾರದು. ಸಲಿಂಗ ಸಂಬಂಧವನ್ನು ಕುರಿತು ಯೇಸು ಒಂದು ಮಾತನ್ನೂ ಆಡಿದ ದಾಖಲೆ ನಾಲ್ಕು ಶುಭಸಂದೇಶಗಳಲ್ಲಿ ಇಲ್ಲ. ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯದಲ್ಲಿ ಇಥಿಯೋಪ್ಯದ ನಪುಂಸಕ ಅಧಿಕಾರಿಯೊಬ್ಬ, ದೀಕ್ಷಾಸ್ನಾನಕ್ಕೆ ತನಗೇನು ಅಡ್ಡಿ ಎಂದು ಕೇಳುತ್ತಾನೆ. ಫಿಲಿಪ್ಪನು ಅಡ್ಡಿ ಹೇಳದೆ ಅವನೊಂದಿಗೆ ನೀರಿಗಿಳಿಯುತ್ತಾನೆ. ನಮ್ಮ ಧರ್ಮೋಪದೇಶದ ತರಗತಿಗಳಲ್ಲಿ ಈ ಭಾಗವನ್ನು ಇದೇ ಕಾರಣಕ್ಕೆ ಎತ್ತಿ ಓದಬೇಕು ಎಂಬುದು ನನ್ನ ಅಭಿಪ್ರಾಯ.

ಇಷ್ಟಾದರೂ ಪೌಲನ ಮಾತನ್ನು ಇದ್ದಂತೆಯೇ ಸ್ವೀಕರಿಸುವ ಕ್ರೈಸ್ತರೇ ಬಹುಮಂದಿ. ಅವರನ್ನು ಮೂಢರೆಂದು ಕರೆದು ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. 1992ರಲ್ಲಿ ಹೊರಬಂದ ಕಥೋಲಿಕ ಧರ್ಮೋಪದೇಶ ಗ್ರಂಥದ 2357ರಿಂದ 2359ರವರೆಗಿನ ಮೂರು ಕಂಡಿಕೆಗಳು ಈ ವಿಷಯಕ್ಕೆ ಮೀಸಲು. ಸಲಿಂಗ ಕ್ರಿಯೆಗಳು ಸ್ವಭಾವತಃ ಕ್ರಮತಪ್ಪಿದವು ಎಂದು ಅವು ಹೇಳುತ್ತವೆ. ಅಂಥ ಒಲವುಳ್ಳವರು ಬ್ರಹ್ಮಚರ್ಯದಿಂದ ಬಾಳಬೇಕು ಎನ್ನುತ್ತವೆ. ಅದೇ ಉಸಿರಿನಲ್ಲಿ, ಅವರನ್ನು ಗೌರವದಿಂದ, ಕರುಣೆಯಿಂದ, ಸೂಕ್ಷ್ಮತೆಯಿಂದ ಸ್ವೀಕರಿಸಬೇಕು, ಅನ್ಯಾಯದ ತಾರತಮ್ಯದ ಸುಳಿವೂ ಇರಬಾರದು ಎನ್ನುತ್ತವೆ. ನಮ್ಮ ಊರಿನ ಪ್ರವಚನಗಳಲ್ಲಿ ಮೊದಲ ಅರ್ಧವೇ ಕೇಳಿಸುತ್ತದೆ. ಎರಡನೆಯ ಅರ್ಧವೂ ಅದೇ ಗ್ರಂಥದ್ದು, ಅದೇ ಅಧಿಕಾರದಿಂದ ಬಂದದ್ದು.

ಇನ್ನು ಕಾನೂನಿನ ಕಡೆಗೆ ಬರೋಣ. ಇಂಗ್ಲೆಂಡಿನಲ್ಲಿ ಸಲಿಂಗ ಕ್ರಿಯೆಯ ವಿಚಾರಣೆ ಮೊದಲು ಚರ್ಚಿನ ನ್ಯಾಯಾಲಯಗಳಲ್ಲಿ ನಡೆಯುತ್ತಿತ್ತು. 1533ರಲ್ಲಿ ಎಂಟನೆಯ ಹೆನ್ರಿ ಶಾಸನ ಮಾಡಿಸಿ ಅದನ್ನು ರಾಜನ ನ್ಯಾಯಾಲಯಕ್ಕೆ ತಂದ, ಗಲ್ಲು ಶಿಕ್ಷೆ ಇಟ್ಟ. ಪೋಪರಿಂದ ಅಧಿಕಾರ ಕಿತ್ತುಕೊಳ್ಳುತ್ತಿದ್ದ ಅರಸನಿಗೆ ಚರ್ಚಿನ ಅಧಿಕಾರದ ಒಂದೊಂದು ತುಂಡೂ ಬೇಕಾಗಿತ್ತು. ಪಾಪ ಅಪರಾಧವಾದದ್ದು ಹೀಗೆ, ರಾಜಕೀಯದ ದಾರಿಯಲ್ಲಿ. ಲಂಡನ್ನಿನಲ್ಲಿ ಜೇಮ್ಸ್ ಪ್ರಾಟ್ ಮತ್ತು ಜಾನ್ ಸ್ಮಿತ್ ಎಂಬಿಬ್ಬರು ಬಡವರು 1835ರಲ್ಲಿ ನೇಣಿಗೇರಿದರು. ಇಂಗ್ಲೆಂಡಿನಲ್ಲಿ ಈ ಕಾರಣಕ್ಕೆ ನೇಣು ಕಂಡವರಲ್ಲಿ ಅವರೇ ಕೊನೆಯವರು. ಅದಾದ ಎರಡೇ ವರ್ಷಕ್ಕೆ, 1837ರಲ್ಲಿ, ಮೆಕಾಲೆ ಭಾರತಕ್ಕಾಗಿ ದಂಡಸಂಹಿತೆಯ ಕರಡು ಸಿದ್ಧಮಾಡಿದ. ಈ ಕಲಮಿನ ಬಗ್ಗೆ ಸಾರ್ವಜನಿಕ ಚರ್ಚೆಯೇ ಬೇಡ, ಚರ್ಚಿಸಿದರೆ ನೈತಿಕತೆಗೆ ಹಾನಿ ಎಂದು ಆತ ಬರೆದಿಟ್ಟ. 1860ರಲ್ಲಿ ಸಂಹಿತೆ ಶಾಸನವಾಯಿತು. ‘ಪ್ರಕೃತಿಯ ಕ್ರಮಕ್ಕೆ ವಿರುದ್ಧ’ವಾದ ಸಂಭೋಗಕ್ಕೆ ಹತ್ತು ವರ್ಷದವರೆಗೆ ಸಜೆ ಅಥವಾ ಜೀವಾವಧಿ ಗಡಿಪಾರು ಎಂದು 377ನೇ ಕಲಂ ಹೇಳಿತು. ನಮ್ಮ ಮೈಸೂರು ಸೀಮೆಯಲ್ಲೂ ಆ ಸಂಹಿತೆಯೇ ಆಚರಣೆಗೆ ಬಂತು. ಚರ್ಚೆಯಿಲ್ಲದೆ ಬಂದ ಕಾನೂನನ್ನು ನಾವು ನೂರೈವತ್ತು ವರ್ಷ ನಮ್ಮದೇ ಸಂಸ್ಕೃತಿಯ ಮಾತೆಂದು ನಂಬಿದೆವು. ಕಪ್ಪಡಿ ಜಾತ್ರೆಯಲ್ಲಿ ರಾಚಪ್ಪಾಜಿಯ ಕಥೆ ಹಾಡುವ ನೀಲಗಾರರನ್ನಾಗಲಿ, ಮುತ್ತು ಕಟ್ಟಿಸಿಕೊಂಡು ಎಲ್ಲಮ್ಮನ ಸೇವೆಗೆ ನಿಂತ ಜೋಗಪ್ಪಗಳನ್ನಾಗಲಿ ಯಾರಾದರೂ ಕೇಳಿ ಬರೆದ ಕಲಂ ಅಲ್ಲ ಅದು.

ಕ್ರೈಸ್ತ ಪರಂಪರೆಯ ಇನ್ನೊಂದು ಧಾರೆ ಇಲ್ಲಿ ಮುಖ್ಯ. 13ನೇ ಶತಮಾನದ ಸಂತ ತೋಮಸ್ ಅಕ್ವಿನಾಸ್ ಕಥೋಲಿಕ ಧರ್ಮಶಾಸ್ತ್ರದ ದೊಡ್ಡ ಹೆಸರು. ಸಲಿಂಗ ಕ್ರಿಯೆಯನ್ನು ಪ್ರಕೃತಿವಿರುದ್ಧ ಪಾಪಗಳ ಸಾಲಿಗೆ ಸೇರಿಸಿದವರೂ ಅವರೇ. ಆದರೆ ಮನುಷ್ಯರು ಮಾಡುವ ಕಾನೂನು ಎಲ್ಲ ದುರ್ಗುಣಗಳನ್ನೂ ನಿಷೇಧಿಸಬೇಕೇ ಎಂಬ ಪ್ರಶ್ನೆಯನ್ನು ತಮ್ಮ ದೊಡ್ಡ ಗ್ರಂಥದಲ್ಲಿ ಎತ್ತಿಕೊಂಡು, ಬೇಡ ಎಂದು ಉತ್ತರಿಸಿದವರೂ ಅವರೇ. ಕಾನೂನು ಮಾಡುವುದು ಸಾಮಾನ್ಯ ಜನಕ್ಕೆ. ಕೊಲೆ, ಕಳವಿನಂಥ ಪರರಿಗೆ ಹಾನಿಮಾಡುವ, ತಡೆಯದಿದ್ದರೆ ಸಮಾಜ ಉಳಿಯದ ಕೃತ್ಯಗಳನ್ನೇ ಅದು ಮುಖ್ಯವಾಗಿ ತಡೆಯಬೇಕು ಎಂಬುದು ಅವರ ವಾದದ ಸಾರ. ಸುಮಾರು ಏಳುನೂರು ವರ್ಷಗಳ ಮೇಲೆ ಇದೇ ವಾದ ಇಂಗ್ಲೆಂಡಿನಲ್ಲಿ ಎದ್ದುನಿಂತಿತು. ಅಲ್ಲಿನ ಚರ್ಚಿನ ನೈತಿಕ ಕ್ಷೇಮ ಮಂಡಳಿ 1954ರಲ್ಲಿ ಒಂದು ವರದಿ ತಂದು, ಈ ಕಾನೂನು ಬದಲಾಗಬೇಕು ಎಂದಿತು. ಆ ಕೆಲಸದ ಹಿಂದಿದ್ದ ಪಾದ್ರಿ ಡೆರಿಕ್ ಶೆರ್ವಿನ್ ಬೇಲಿ 1955ರಲ್ಲಿ ಬೈಬಲ್ ಭಾಗಗಳನ್ನೆಲ್ಲ ಮರುಪರಿಶೀಲಿಸಿ ಪುಸ್ತಕ ಬರೆದರು. ಕಥೋಲಿಕ ಕಾರ್ಡಿನಲ್ ಗ್ರಿಫಿನ್ ನೇಮಿಸಿದ ಸಮಿತಿಯೂ, ಖಾಸಗಿ ಪಾಪವನ್ನು ದಂಡಿಸುವುದು ಸರ್ಕಾರದ ಕೆಲಸವಲ್ಲ ಎಂದೇ ಹೇಳಿತು. ಸರ್ಕಾರ ನೇಮಿಸಿದ ಸಮಿತಿಯ 1957ರ ವುಲ್ಫೆಂಡನ್ ವರದಿ ಈ ದಾರಿಯನ್ನೇ ಹಿಡಿಯಿತು. 1965ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಮೈಕೆಲ್ ರ‍್ಯಾಮ್ಸೆ ಮೇಲ್ಮನೆಯಲ್ಲಿ ಎದ್ದುನಿಂತು, ಈ ಕೃತ್ಯ ತಪ್ಪೆಂಬ ತಮ್ಮ ನಂಬಿಕೆಯನ್ನು ಬಿಡದೆಯೇ ಸುಧಾರಣೆಯನ್ನು ಬೆಂಬಲಿಸಿದರು. 1967ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಹೊಸ ಕಾನೂನು ಬಂತು. ರ‍್ಯಾಮ್ಸೆಯವರ ಆ ನಿಲುವು ಧೈರ್ಯದ್ದು. ಮೆಕಾಲೆಯ ದೇಶದ ಪ್ರಧಾನ ಗುರುವೇ ಮೆಕಾಲೆಯ ಕಲಮಿನ ತರ್ಕವನ್ನು ಕೈಬಿಟ್ಟರು, ನಮ್ಮಲ್ಲಿ ಕೆಲವರು ಅದನ್ನು ಇನ್ನೂ ಅರ್ಧ ಶತಮಾನ ಎದೆಗವುಚಿಕೊಂಡರು.

ಕೆಲವರು ಎಂದೆ, ಎಲ್ಲರೂ ಅಲ್ಲ. 2013ರ ತೀರ್ಪು ಬಂದ ಕೂಡಲೇ ಮುಂಬೈನ ಕಾರ್ಡಿನಲ್ ಓಸ್ವಾಲ್ಡ್ ಗ್ರೇಶಿಯಸ್, ಸಲಿಂಗ ವಿವಾಹವನ್ನು ಸಭೆ ಒಪ್ಪುವುದಿಲ್ಲ, ಆದರೆ ಅಂಥವರನ್ನು ಅಪರಾಧಿಗಳೆಂದು ತಾವು ಎಂದೂ ಎಣಿಸಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಭಾರತದ ಚರ್ಚುಗಳ ರಾಷ್ಟ್ರೀಯ ಮಂಡಳಿ ನಾಗಪುರದಲ್ಲಿದೆ, ದಕ್ಷಿಣ ಭಾರತ ಸಭೆ, ಅಂದರೆ ನಮ್ಮ ಸಿ.ಎಸ್.ಐ., ಅದರ ಸದಸ್ಯ. ಲಿಂಗ ಮತ್ತು ಲೈಂಗಿಕ ವೈವಿಧ್ಯದ ಬಗ್ಗೆ ಚರ್ಚುಗಳನ್ನು ಮಾತಿಗೆ ಕೂರಿಸುವ ವೇದಿಕೆಯನ್ನೇ ಆ ಮಂಡಳಿ ಕಟ್ಟಿತು. ಬೆಂಗಳೂರಿನ ದೇವಶಾಸ್ತ್ರ ವಲಯದಲ್ಲಿ ಈ ಕುರಿತು ಬರಹ, ಸಂವಾದ ನಡೆದಿದೆ. ಆದರೆ ಬೆಂಗಳೂರಿನ ವಿಚಾರ ಸಂಕಿರಣದ ಮಾತು ಕಟ್ಟೆಮಳಲವಾಡಿಗೆ, ಬೆಟ್ಟದಪುರಕ್ಕೆ, ಸರಗೂರಿಗೆ ಬಂದು ತಲುಪಿಲ್ಲ. ಇಲ್ಲಿ ತಲುಪುವುದು ಮೊಬೈಲಿನಲ್ಲಿ ಹರಿದಾಡುವ, ಎಲ್ಲಿಂದಲೋ ಬಂದ ಬೆಂಕಿಯ ಪ್ರಸಂಗಗಳು.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಒಮ್ಮತದಿಂದ ವಯಸ್ಕರ ಸಮ್ಮತಿಯ ಸಂಬಂಧವನ್ನು 377ರ ಹಿಡಿತದಿಂದ ಬಿಡಿಸಿತು. ಕರ್ನಾಟಕದ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿ ಮತ್ತು ಅವರ ಸಂಗಡಿಗರು ಆ ಪ್ರಕರಣಗಳ ಗುಂಪಿನಲ್ಲಿ ಅರ್ಜಿದಾರರಾಗಿದ್ದರು ಎಂಬುದು ನಮ್ಮ ಹೆಮ್ಮೆ. ಅಲ್ಲಿಯೂ ಮೊದಲೇ ಹೆಸರಿಸಿದ ಆ ಎರಡು ಕ್ರೈಸ್ತ ಸಂಘಟನೆಗಳು ವಿರೋಧವಾಗಿಯೇ ವಾದಿಸಿದವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಂ ಇಲ್ಲವೇ ಇಲ್ಲ. ಹಾಗೆ ಪೂರ್ತಿ ಬಿಟ್ಟದ್ದರಿಂದ ಗಂಡಸರ ಮೇಲೆ ನಡೆಯುವ ಅತ್ಯಾಚಾರಕ್ಕೆ ತಕ್ಕ ಕಲಂ ಇಲ್ಲವಾಗಿದೆ. ಅದು ಬೇರೆಯೇ ಸರಿಪಡಿಸಬೇಕಾದ ಲೋಪ.

377ರ ಅಡಿ ಶಿಕ್ಷೆಯಾದವರು ಕಡಿಮೆ, ಹೀಗಿರುವಾಗ ಇಷ್ಟು ಗದ್ದಲ ಏಕೆ ಎಂದು ಕೇಳುವವರಿದ್ದಾರೆ. ನಾಗರಿಕ ಸ್ವಾತಂತ್ರ್ಯ ಸಂಘಟನೆಯಾದ ಪಿ.ಯು.ಸಿ.ಎಲ್.ನ ಕರ್ನಾಟಕ ಘಟಕ 2001ರಲ್ಲಿ ತಂದ ವರದಿಯನ್ನು ಅವರು ಓದಬೇಕು. ಶಿಕ್ಷೆಗಿಂತ ಶಿಕ್ಷೆಯ ಬೆದರಿಕೆ ದೊಡ್ಡ ಆಯುಧವಾಗಿತ್ತು. ಪಾರ್ಕಿನಲ್ಲಿ ಹಿಡಿದು ಗಡಿಯಾರ, ದುಡ್ಡು ಕಸಿದುಕೊಳ್ಳುವುದು, ‘ಮನೆಗೆ ಹೇಳ್ತೀವಿ’ ಎಂದು ತಿಂಗಳುಗಟ್ಟಲೆ ಸುಲಿಯುವುದು, ಠಾಣೆಯಲ್ಲಿ ಹೊಡೆಯುವುದು, ಇವೆಲ್ಲ ಅಲ್ಲಿ ದಾಖಲಾಗಿವೆ. ಪಾಪಿಯನ್ನು ತಿದ್ದುವ ಕೆಲಸ ಇದರಲ್ಲಿ ಎಲ್ಲಿದೆ? ಪಾಪನಿವೇದನೆಯ ಪೀಠದಲ್ಲಿ ಕೇಳಿದ ಗುಟ್ಟನ್ನು ಪ್ರಾಣ ಹೋದರೂ ಹೊರಹಾಕಬಾರದು ಎಂಬುದು ಕಥೋಲಿಕ ಗುರುಗಳ ವ್ರತ. ಠಾಣೆಯಲ್ಲಿ ಅದೇ ಗುಟ್ಟಿಗೆ ಬೆಲೆ ಕಟ್ಟಿ ಮಾರುತ್ತಿದ್ದರು. ಅಂದಿನ ಜಗದ್ಗುರು (ಪೋಪ್) ಫ್ರಾನ್ಸಿಸ್ 2023ರ ಜನವರಿಯಲ್ಲಿ ಸಂದರ್ಶನವೊಂದರಲ್ಲಿ ಸಲಿಂಗಿಯಾಗಿರುವುದು ಅಪರಾಧವಲ್ಲ ಎಂದರು, ಅದನ್ನು ಅಪರಾಧವೆನ್ನುವ ಕಾನೂನುಗಳು ಅನ್ಯಾಯದವು ಎಂದರು, ಅವುಗಳಿಗೆ ಬೆಂಬಲ ಕೊಡುವ ಬಿಷಪ್ಪರು ಮನಸ್ಸು ಬದಲಿಸಿಕೊಳ್ಳಬೇಕು ಎಂದರು. ಪಾಪ ಬೇರೆ, ಅಪರಾಧ ಬೇರೆ ಎಂಬ ಅಕ್ವಿನಾಸರ ವಿವೇಕ ಹೀಗೆ ರೋಮಿನ ಪೀಠದಿಂದಲೇ ಕೇಳಿಬಂತು. ಅದೇ ವರ್ಷದ ಮೇ ತಿಂಗಳಲ್ಲಿ ಉಗಾಂಡ ಮರಣದಂಡನೆಯವರೆಗೆ ಹೋಗುವ ಕಾನೂನು ಮಾಡಿತು, ಅಲ್ಲಿನ ಆಂಗ್ಲಿಕನ್ ಸಭೆಯ ಮುಖ್ಯಸ್ಥರು ಅದನ್ನು ಸ್ವಾಗತಿಸಿದರು. ಕ್ರೈಸ್ತ ನಂಬಿಕೆ ಸರ್ಕಾರದ ಕೈಗೆ ಏನನ್ನು ಕೊಡಬಲ್ಲದು ಎಂಬುದಕ್ಕೆ ಎರಡೂ ಸಾಕ್ಷಿಗಳು ಒಂದೇ ವರ್ಷದಲ್ಲಿವೆ.

ಧರ್ಮವನ್ನು ಮನೆಯ ದೇವರಗೂಡಿನಲ್ಲಿ ಇಟ್ಟು ಬೀದಿಗೆ ಬನ್ನಿ ಎನ್ನುವ ವಾದ ನನ್ನದಲ್ಲ. ವೆಸ್ಲಿಯನ್ ಮಿಷನ್ನಿನವರು ಮೈಸೂರಿನಲ್ಲಿ 1906ರಲ್ಲಿ ಹೆಂಗಸರು ಮಕ್ಕಳಿಗಾಗಿ ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯೂ, ಮೈಸೂರು ಧರ್ಮಪ್ರಾಂತ್ಯದ ಸಮಾಜಸೇವಾ ಸಂಸ್ಥೆ ಒ.ಡಿ.ಪಿ. ಈ ಭಾಗದ ಹಳ್ಳಿಗಳಲ್ಲಿ ಕಟ್ಟಿದ ಮಹಿಳಾ ಸಂಘಗಳೂ ಧರ್ಮದ ಪ್ರೇರಣೆಯಿಂದಲೇ ಬಂದವು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ನೇಮಿಸಿದ ಹಾವನೂರು ಆಯೋಗದ ಕಾಲದಿಂದ, ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರಿಗೆ ಹಿಂದುಳಿದವರ ಪಟ್ಟಿಯಲ್ಲಿ ಜಾಗ ಬೇಕೆಂದು ಸಭೆ ಕೇಳಿದ್ದೂ ಸಾರ್ವಜನಿಕ ನೀತಿಯೇ. ದೀನರ ಪರವಾಗಿ ಸರ್ಕಾರದ ಬಾಗಿಲು ತಟ್ಟುವ ಧರ್ಮವನ್ನು ನಾನು ಗೌರವಿಸುತ್ತೇನೆ. ದೀನರ ಮೇಲೆ ಸರ್ಕಾರವನ್ನು ಛೂಬಿಡುವಾಗ ಅದೇ ಧರ್ಮ ತನ್ನ ಮಾತನ್ನೇ ತಾನು ಮುರಿಯುತ್ತದೆ.

ನಮ್ಮ ಸಭೆ ಈ ವ್ಯತ್ಯಾಸವನ್ನು ಬೇರೆ ವಿಷಯದಲ್ಲಿ ಆಗಲೇ ಕಲಿತಿದೆ. ವಿಚ್ಛೇದನವನ್ನೇ ತೆಗೆದುಕೊಳ್ಳಿ. ಸಲಿಂಗ ಸಂಬಂಧದ ಬಗ್ಗೆ ಮಾತಾಡದ ಯೇಸು ವಿಚ್ಛೇದನದ ಬಗ್ಗೆ ಖಂಡಿತವಾಗಿ, ಕಠಿಣವಾಗಿ ಮಾತಾಡಿದ್ದಾರೆ. ಕಥೋಲಿಕ ಸಭೆ ಇಂದಿಗೂ ಅದನ್ನು ಒಪ್ಪುವುದಿಲ್ಲ. ಆದರೆ ಕ್ರೈಸ್ತರಿಗಾಗಿ 1869ರಿಂದಲೇ ವಿಚ್ಛೇದನದ ಕಾನೂನಿದೆ. ಹೆಂಡತಿಗೆ ಮಾತ್ರ ಅದು ಬಹಳ ಕ್ರೂರವಾಗಿತ್ತು: ಗಂಡನ ವ್ಯಭಿಚಾರವೊಂದೇ ಸಾಲದು, ಅದರ ಜೊತೆಗೆ ಹಿಂಸೆಯೋ ತ್ಯಜಿಸಿ ಹೋದದ್ದೋ ಇನ್ನೊಂದನ್ನೂ ಸಾಬೀತು ಮಾಡಬೇಕಿತ್ತು. ಕ್ರೈಸ್ತ ಹೆಂಗಸರು, ಸಂಘಟನೆಗಳು ವರ್ಷಾನುಗಟ್ಟಲೆ ಕೇಳಿದ ಮೇಲೆ 2001ರಲ್ಲಿ ತಿದ್ದುಪಡಿ ಬಂತು, ಪರಸ್ಪರ ಒಪ್ಪಿಗೆಯ ವಿಚ್ಛೇದನವೂ ಬಂತು. ಕಥೋಲಿಕ ಸಭೆ ತನ್ನ ಬೋಧನೆಯನ್ನು ಬದಲಿಸಲಿಲ್ಲ, ಕಾನೂನು ತನ್ನ ದಾರಿ ಹಿಡಿಯಿತು. ಸಭೆಯ ನ್ಯಾಯಮಂಡಳಿ ಕೊಡುವ ವಿವಾಹ ರದ್ದತಿಗೆ ಕಾನೂನಿನ ಮಾನ್ಯತೆ ಕೊಡಿ ಎಂದು ಮಂಗಳೂರಿನ ಹಿರಿಯ ವಕೀಲ ಕ್ಲಾರೆನ್ಸ್ ಪಾಯ್ಸ್ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ದೇಶದ ಶಾಸನದ ಜಾಗದಲ್ಲಿ ಸಭೆಯ ಶಾಸನ ಕೂರಲಾರದು ಎಂಬ ನೆಲೆಯಲ್ಲಿ 2017ರ ಜನವರಿಯಲ್ಲಿ ಆ ಅರ್ಜಿ ವಜಾ ಆಯಿತು. ಯಾವ ಕ್ರೈಸ್ತನೂ ಇದರಿಂದ ನಂಬಿಕೆ ಕಳೆದುಕೊಳ್ಳಲಿಲ್ಲ. ವಿಚ್ಛೇದಿತರನ್ನು ಜೈಲಿಗೆ ಹಾಕಿ ಎಂದು ಕೇಳದವರು, ಇಬ್ಬರು ಗಂಡಸರು ಕೂಡಿ ಬಾಳಿದರೆ ಮಾತ್ರ ಜೈಲು ಬೇಕು ಎನ್ನುವುದಕ್ಕೆ ಬೈಬಲ್ ಕಾರಣವಲ್ಲ. ಅದು ನಮಗೆ ಅಭ್ಯಾಸವಾಗಿರುವ ಅಸಹ್ಯ.

ಎಲ್ಲರಿಗೂ ಸಮನಾದ ಕಾನೂನಿನ ಆಸರೆ ನಮಗೂ ಬೇಕು. ಪಿರಿಯಾಪಟ್ಟಣದ ಸಂತ ಮರಿಯಮ್ಮನವರ ದೇವಾಲಯದಲ್ಲಿ 2022ರ ಡಿಸೆಂಬರ್ 27ರಂದು, ಕ್ರಿಸ್ಮಸ್ ಕಳೆದು ಎರಡೇ ದಿನಕ್ಕೆ, ಬಾಲಯೇಸುವಿನ ಪ್ರತಿಮೆಗೆ ಹಾನಿಯಾಯಿತು. ಉದ್ದೇಶ ಕಳವೋ ದ್ವೇಷವೋ, ಆ ಚರ್ಚೆಗೆ ನಾನು ಹೋಗುವುದಿಲ್ಲ. ಅಂದು ಅಲ್ಲಿನ ಕ್ರೈಸ್ತರಿಗೆ ಧೈರ್ಯ ಕೊಟ್ಟದ್ದು ಒಂದೇ: ಠಾಣೆಗೆ ಹೋದರೆ ದೂರು ದಾಖಲಾಗುತ್ತದೆ, ನಮ್ಮ ದೇವರನ್ನು ನಂಬದ ಪೊಲೀಸರೂ ನಮ್ಮನ್ನು ಕಾಪಾಡಲು ಬದ್ಧರು ಎಂಬ ಭರವಸೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಇಬ್ಬರೂ ಇಲ್ಲ. ಮತಾಂತರ ನಿಷೇಧದ ಹೆಸರಿನಲ್ಲಿ 2022ರಲ್ಲಿ ರಾಜ್ಯದಲ್ಲಿ ಕಾನೂನು ಬಂದಾಗ, ಬಹುಸಂಖ್ಯಾತರ ನೈತಿಕ ಭಾವನೆ ನಮ್ಮ ಅಂತಃಸಾಕ್ಷಿಯ ಮೇಲೆ ಕಾನೂನಾಗಿ ಕೂರಬಾರದು ಎಂದು ವಾದಿಸಿದವರು ನಾವೇ. ಸಂವಿಧಾನದ ನೈತಿಕತೆ ಎಂದು ಡಾ. ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ರಚನಾ ಸಭೆಯಲ್ಲಿ ಹೇಳಿದರಲ್ಲ, ಅದನ್ನು ದೆಹಲಿ ಹೈಕೋರ್ಟು 2009ರಲ್ಲಿ ಎತ್ತಿಕೊಂಡದ್ದು ಇದಕ್ಕಾಗಿಯೇ. ಈ ನಾಲ್ಕು ತಾಲ್ಲೂಕುಗಳನ್ನು ನೋಡಿ: ಡೋರನಹಳ್ಳಿಯ ಸಂತ ಅಂತೋಣಿ, ಚುಂಚನಕಟ್ಟೆಯ ರಾಮ, ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನ, 1960ರ ದಶಕದಿಂದ ಬೈಲಕುಪ್ಪೆಯಲ್ಲಿ ನೆಲೆಸಿದ ಟಿಬೆಟಿನ ಬೌದ್ಧರು, ಹುಣಸೂರಿನ ಮಸೀದಿಗಳು, ಎಚ್.ಡಿ. ಕೋಟೆಯ ಹಾಡಿಗಳಲ್ಲಿ ಜೇನುಕುರುಬರ ದೈವಗಳು. ಇವರಲ್ಲಿ ಯಾರ ಪಾಪದ ಪಟ್ಟಿ ತಾಲ್ಲೂಕಿನ ಕಾನೂನಾಗಬೇಕು? ಸಂತ ಅಂತೋಣಿಯ ಹಬ್ಬಕ್ಕೆ ಜೂನ್ 13ರಂದು ಡೋರನಹಳ್ಳಿಗೆ ಬರುವ ಜನಸಾಗರದಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. 2019ರಲ್ಲಿ ಅಲ್ಲಿನ ದೇವಾಲಯಕ್ಕೆ ಬಸಿಲಿಕದ ಪದವಿ ಬಂದದ್ದು, ಬರುವವರ ನಡತೆಯನ್ನು ಬಾಗಿಲಲ್ಲಿ ತಪಾಸಣೆ ಮಾಡಿದ್ದಕ್ಕಲ್ಲ.

ಇನ್ನು ಮನೆಯೊಳಗಿನ ಮಾತು. ನಮ್ಮ ಕಡೆ ಹೊಗೆಸೊಪ್ಪಿನ ಹರಾಜು ಮುಗಿದು ಕೈಗೆ ದುಡ್ಡು ಬಂದ ಮೇಲೆ ಮದುವೆಗಳ ಕಾಲ. ಹುಡುಗನಿಗೆ ಹೆಣ್ಣಿನ ಕಡೆ ಮನಸ್ಸಿಲ್ಲವೆಂದು ತಾಯಿಗೆ ಗೊತ್ತಿರುತ್ತದೆ, ಎಷ್ಟೋ ಸಲ ಫಾದರ್‌ಗೂ ಗೊತ್ತಿರುತ್ತದೆ. ‘ಮದ್ವೆ ಮಾಡಿ, ಎಲ್ಲಾ ಸರಿಹೋಯ್ತದೆ’ ಎಂಬ ಸಲಹೆ ಹಟ್ಟಿಯಲ್ಲೂ ಸಿಗುತ್ತದೆ, ದೇವಾಲಯದ ಅಂಗಳದಲ್ಲೂ ಸಿಗುತ್ತದೆ. ಸರಿಹೋಗುವುದಿಲ್ಲ. ಏನೂ ಗೊತ್ತಿಲ್ಲದ ಒಂದು ಹೆಣ್ಣುಮಗಳು ಪಕ್ಕದ ತಾಲ್ಲೂಕಿನಿಂದ ಬಂದು ತನ್ನಲ್ಲೇ ಏನೋ ಕೊರತೆಯಿದೆ ಎಂದು ವರ್ಷಗಟ್ಟಲೆ ಕೊರಗುತ್ತಾಳೆ. ಮಕ್ಕಳಾಗಲಿಲ್ಲವೆಂಬ ಮಾತನ್ನು ಅತ್ತೆಯಿಂದ ಕೇಳುವವಳೂ ಅವಳೇ. ಮದುವೆಯ ಪಾವಿತ್ರ್ಯವನ್ನು ಕಾಪಾಡುತ್ತೇವೆ ಎನ್ನುವವರು ಮೊದಲು ಉತ್ತರ ಹೇಳಬೇಕಾದದ್ದು ಅವಳಿಗೆ. ಪೂರ್ಣ ಅರಿವಿಲ್ಲದೆ, ಒತ್ತಾಯಕ್ಕೆ ಕೊಟ್ಟ ಸಮ್ಮತಿ ಸಮ್ಮತಿಯೇ ಅಲ್ಲ ಎಂಬುದು ಸಭೆಯದೇ ಕಾನೂನು. ಮದುವೆಗೆ ಮುಂಚಿನ ತರಬೇತಿ ಶಿಬಿರ ಕಡ್ಡಾಯ ಮಾಡಿರುವ ಧರ್ಮಪ್ರಾಂತ್ಯಕ್ಕೆ, ಅಲ್ಲಿ ಈ ಪ್ರಶ್ನೆಯನ್ನು ಗುಟ್ಟಾಗಿ, ಗೌರವದಿಂದ ಕೇಳುವುದು ಕಷ್ಟವೇನಲ್ಲ.

ಬಿಡುಗಡೆಯ ಪ್ರಾರ್ಥನೆ ಎಂಬುದಿನ್ನೊಂದು. ಉಪವಾಸ ಹಾಕಿಸಿ, ತಲೆಯ ಮೇಲೆ ಕೈಯಿಟ್ಟು, ದೆವ್ವ ಬಿಡಿಸುವಂತೆ ಕೂಗಾಡಿ ಹುಡುಗನನ್ನೋ ಹುಡುಗಿಯನ್ನೋ ‘ಸರಿಮಾಡುವ’ ಕೂಟಗಳಿವೆ. ಸಲಿಂಗ ಒಲವನ್ನು ಪ್ರಾರ್ಥನೆಯಿಂದ ಬದಲಿಸುತ್ತೇವೆ ಎಂದು ಅಮೆರಿಕದಲ್ಲಿ ದಶಕಗಳ ಕಾಲ ದುಡಿದ ಎಕ್ಸೋಡಸ್ ಇಂಟರ್‌ನ್ಯಾಷನಲ್ ಎಂಬ ಕ್ರೈಸ್ತ ಸಂಸ್ಥೆ, 2013ರಲ್ಲಿ ತಾನು ನೋವು ಕೊಟ್ಟವರ ಕ್ಷಮೆ ಕೇಳಿ ಬಾಗಿಲು ಮುಚ್ಚಿತು. ನಮ್ಮಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ 2021ರ ಜೂನ್ 7ರ ಆದೇಶದಲ್ಲಿ ಇಂಥ ‘ಚಿಕಿತ್ಸೆ’ಯನ್ನು ತಡೆಯಬೇಕೆಂದರು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದನ್ನು ವೈದ್ಯರ ವೃತ್ತಿ ದುರ್ನಡತೆಯೆಂದು ತಿಳಿಸಿತು. 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ, ಸಮುದಾಯದ ನೈತಿಕ, ಧಾರ್ಮಿಕ ನಂಬಿಕೆಗಳಿಗೆ ಹೊಂದುವುದಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಮನೋರೋಗಿ ಎಂದು ತೀರ್ಮಾನಿಸುವಂತಿಲ್ಲ. ವೈದ್ಯರಿಗೆ ನಿಷಿದ್ಧವಾದದ್ದು ಪ್ರಾರ್ಥನಾ ಕೂಟದಲ್ಲಿ ನಡೆಯಬಹುದೇ? ಒಬ್ಬರು ತಾವಾಗಿ ಬಂದು ಪ್ರಾರ್ಥನೆ ಬೇಡಿದರೆ ಅದು ಅವರ ಇಚ್ಛೆ. ಹದಿನೈದು ವರ್ಷದ ಮಗುವನ್ನು ಎಳೆದುಕೊಂಡು ಬಂದು ಕೂರಿಸಿದರೆ ಅದು ಹಿಂಸೆ. ಅಲ್ಲಿ ಸರ್ಕಾರ ಬರಬೇಕು. ಸರ್ಕಾರ ಪಾಪದ ವಿಚಾರಣೆಗೆ ಬರಬಾರದು ಎನ್ನುವ ನಾನೇ, ಈ ಹಿಂಸೆಯನ್ನು ತಡೆಯಲು ಬರಲೇಬೇಕು ಎನ್ನುತ್ತೇನೆ.

ಮದುವೆಯ ಹಕ್ಕಿನ ಪ್ರಶ್ನೆ ಇನ್ನೂ ಕಠಿಣ. ಸಲಿಂಗ ವಿವಾಹದ ಹಕ್ಕು ಕೋರಿದ ಸುಪ್ರಿಯೊ ಪ್ರಕರಣ 2023ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಡೆಯುವಾಗ ಬೇರೆ ಧರ್ಮಗಳ ಮುಖಂಡರಂತೆ ಕ್ರೈಸ್ತ ಮುಖಂಡರಲ್ಲಿಯೂ ಹಲವರು ಸಲಿಂಗ ವಿವಾಹಕ್ಕೆ ವಿರೋಧ ಹೇಳಿದರು. ಅಕ್ಟೋಬರ್ 17ರ ತೀರ್ಪಿನಲ್ಲಿ ನ್ಯಾಯಾಲಯ ಮದುವೆಯ ಹಕ್ಕನ್ನು ಗುರುತಿಸಲಿಲ್ಲ. ಇಂಥ ಜೋಡಿಗಳ ನಿತ್ಯದ ಅಡಚಣೆಗಳನ್ನು ಸಂಪುಟ ಕಾರ್ಯದರ್ಶಿಯ ಸಮಿತಿ ನೋಡಲಿ ಎಂದಿತು. ಅರ್ಜಿದಾರರು ಕೇಳಿದ್ದು ಮುಖ್ಯವಾಗಿ 1954ರ ವಿಶೇಷ ವಿವಾಹ ಕಾಯಿದೆಯ ಬಗ್ಗೆ. ಅದು ನೋಂದಣಾಧಿಕಾರಿಯ ಮುಂದೆ ನಡೆಯುವ ಮದುವೆ, ಅದಕ್ಕೆ ಯಾವ ಫಾದರ್ ಆಶೀರ್ವಾದವೂ ಬೇಕಿಲ್ಲ. ಕ್ರೈಸ್ತರ ಸಂಸ್ಕಾರಕ್ಕೆ 1872ರ ಕ್ರೈಸ್ತ ವಿವಾಹ ಕಾಯಿದೆ ಬೇರೆಯೇ ಇದೆ. ಸಂಸ್ಕಾರವನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಸ್ವಾತಂತ್ರ್ಯವನ್ನು ಸಂವಿಧಾನದ 25, 26ನೇ ವಿಧಿಗಳು ಸಭೆಗೆ ಕೊಟ್ಟಿವೆ. ಅದನ್ನು ಕಸಿಯುವುದಕ್ಕೆ ನಾನೂ ವಿರೋಧಿ. ಆದರೆ ನಮ್ಮ ಸಂಸ್ಕಾರದ ಬೇಲಿಯನ್ನು ಸರ್ಕಾರಿ ಕಚೇರಿಯ ಸುತ್ತಲೂ ಹಾಕಿ ಎಂದು ಕೇಳುವುದು ನ್ಯಾಯವಲ್ಲ.

ಮದುವೆಗಿಂತ ಈಚಿನ ಸಣ್ಣ ಸಣ್ಣ ವಿಷಯಗಳಲ್ಲಿ ಕೆಲಸ ಈಗಲೇ ಆಗಬಹುದು. 2024ರಲ್ಲಿ ಕೇಂದ್ರ ಸರ್ಕಾರ ಕೆಲವು ಸ್ಪಷ್ಟನೆ ಕೊಟ್ಟಿತು: ಪಡಿತರ ಚೀಟಿಗೆ ಸಲಿಂಗ ಸಂಗಾತಿಗಳನ್ನು ಒಂದೇ ಮನೆಯವರೆಂದು ಪರಿಗಣಿಸಬಹುದು, ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ, ರಕ್ತಸಂಬಂಧಿಗಳು ಇಲ್ಲದಾಗ ಸಂಗಾತಿ ಮೃತದೇಹವನ್ನು ಪಡೆಯಬಹುದು. ಲಿಂಗತ್ವ ಅಲ್ಪಸಂಖ್ಯಾತರಿಗೆ ಕರ್ನಾಟಕದಲ್ಲಿ ಮೈತ್ರಿ ಮಾಸಾಶನವಿದೆ, 2017ರ ರಾಜ್ಯ ನೀತಿಯಿದೆ, 2021ರಿಂದ ಸರ್ಕಾರಿ ನೇಮಕಾತಿಯಲ್ಲಿ ಶೇಕಡ 1ರ ಮೀಸಲಾತಿಯಿದೆ. ಇವು ತಾಲ್ಲೂಕು ಕಚೇರಿಗೆ ಬಂದು ತಲುಪಬೇಕಾದರೆ ಅರ್ಜಿ ಬರೆದುಕೊಡುವವರು, ಜೊತೆಗೆ ಹೋಗುವವರು ಬೇಕು. ವಿಧವಾ ವೇತನಕ್ಕೆ, ಅಂಗವಿಕಲರ ವೇತನಕ್ಕೆ ಸಿಸ್ಟರ್‌ಗಳು ಹಳ್ಳಿ ಹೆಂಗಸರ ಜೊತೆ ಕಚೇರಿ ಮೆಟ್ಟಿಲು ಹತ್ತಿದ್ದನ್ನು ಈ ಭಾಗ ಕಂಡಿದೆ. ಅದೇ ಕೆಲಸವನ್ನು ಇವರಿಗೂ ಮಾಡಿದರೆ ಧರ್ಮೋಪದೇಶ ಗ್ರಂಥದ 2358ನೇ ಕಂಡಿಕೆಯನ್ನು ಪಾಲಿಸಿದಂತಾಗುತ್ತದೆ. ಯಾವ ಬೋಧನೆಯನ್ನೂ ತಿದ್ದಬೇಕಾದದ್ದಿಲ್ಲ.

ಸಭೆ ನಡೆಸುವ ಶಾಲೆಗಳಲ್ಲಿ, ಹಾಸ್ಟೆಲ್‌ಗಳಲ್ಲಿ ನಡಿಗೆ ಮೆದುವಾದ ಹುಡುಗನನ್ನು ‘ಒಂಬತ್ತು’, ‘ಚಕ್ಕ’ ಎಂದು ಕರೆಯುವುದನ್ನು ನಿಲ್ಲಿಸುವುದು ವಾರ್ಡನ್ನಿನ, ಮುಖ್ಯೋಪಾಧ್ಯಾಯರ ಕೈಯಲ್ಲಿದೆ. ಶಾಲೆ ಬಿಟ್ಟ ಮಗು ಬೆಂಗಳೂರಿನ ಸಿಗ್ನಲ್‌ನಲ್ಲಿ ನಿಂತಾಗ ಅದಕ್ಕಾಗಿ ಪ್ರಾರ್ಥಿಸುವುದಕ್ಕಿಂತ, ಏಳನೇ ತರಗತಿಯಲ್ಲಿ ಅದರ ಪಕ್ಕ ನಿಲ್ಲುವುದು ಸುಲಭ. ಇನ್ನು ಸಭೆಯ ಆಸ್ಪತ್ರೆಗಳು. ಶಸ್ತ್ರಚಿಕಿತ್ಸೆಗೆ ಮುಂಚೆ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಲು, ಐ.ಸಿ.ಯು. ಒಳಗೆ ಹೋಗಿ ನೋಡಲು ರೋಗಿ ತಾನೇ ಹೆಸರಿಸಿದ ವ್ಯಕ್ತಿಯನ್ನು, ಆ ವ್ಯಕ್ತಿ ಯಾರೇ ಆಗಲಿ, ಒಪ್ಪಿಕೊಳ್ಳುವ ನಿಯಮವನ್ನು ಅವು ಇವತ್ತೇ ಮಾಡಿಕೊಳ್ಳಬಹುದು. ಸಂಪುಟ ಕಾರ್ಯದರ್ಶಿಯ ಸಮಿತಿಯ ವರದಿಗೆ ಕಾಯಬೇಕಿಲ್ಲ, ಆಡಳಿತ ಮಂಡಳಿಯ ಒಂದು ಸಭೆ ಸಾಕು. ಮೈಸೂರು ಧರ್ಮಪ್ರಾಂತ್ಯದ ಹಿರಿಯರೂ ಸಿ.ಎಸ್.ಐ. ದಕ್ಷಿಣ ಸಭಾಪ್ರಾಂತ್ಯದ ಹಿರಿಯರೂ ಈ ಸಭಾಂಗಣದಲ್ಲಿದ್ದರೆ, ಈ ವಿಷಯವನ್ನು ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಬೇಕೆಂದು ಅವರಲ್ಲಿ ವಿನಂತಿಸುತ್ತೇನೆ.